175 ಡಿಗ್ರಿಯಲ್ಲಿ ದಿಕ್ಕು ಹೇಳುವ ಸೆನ್ಸರ್: ತೈಲಬಾವಿಗಾಗಿ ಅದನ್ನು ಆರಿಸುವ, ಅಣಿಗೊಳಿಸುವ ಮತ್ತು ಪರೀಕ್ಷಿಸುವ ಬಗೆ

ನಮ್ಮ ಊರುಗಳಲ್ಲಿ ಕೊಳವೆಬಾವಿ ಕೊರೆಸುವಾಗ ಕೊರೆಯುವ ಮೊನೆಯಾದ ಬಿಟ್ ನೆಲದೊಳಗೆ ಎತ್ತ ವಾಲಿತು ಎಂದು ಯಾರೂ ಕೇಳುವುದಿಲ್ಲ. ನೀರು ಸಿಕ್ಕರೆ ಸಾಕು. ತೈಲ ಮತ್ತು ಅನಿಲದ ಬಾವಿಯಲ್ಲಿ ಹಾಗಲ್ಲ. ಅಲ್ಲಿ ಬಾವಿಯನ್ನು ಬೇಕೆಂದೇ ಬಾಗಿಸಿ, ಮೂರು ನಾಲ್ಕು ಕಿಲೋಮೀಟರ್ ಆಳದಲ್ಲಿರುವ, ಕೆಲವೊಮ್ಮೆ ಹತ್ತು ಮೀಟರಿಗಿಂತ ತೆಳುವಾದ ಮರಳುಗಲ್ಲಿನ ಪದರದೊಳಗೆ ಅಡ್ಡಲಾಗಿ ನುಗ್ಗಿಸಬೇಕಾಗುತ್ತದೆ. ಪಕ್ಕದ ಬಾವಿಗೆ ಡಿಕ್ಕಿ ಹೊಡೆಯದಂತೆಯೂ ನೋಡಿಕೊಳ್ಳಬೇಕು. ಬಿಟ್ ಎಲ್ಲಿದೆ, ಎತ್ತ ಮುಖ ಮಾಡಿದೆ ಎಂದು ತಿಳಿಸಲು ಆ ಆಳದಲ್ಲಿ ಇರುವುದು ಬಿಟ್‌ನ ಹಿಂದೆ ಕೆಲವು ಮೀಟರ್ ದೂರದಲ್ಲಿ ಕುಳಿತ ಸೆನ್ಸರ್‌ಗಳು ಮಾತ್ರ: ಗುರುತ್ವವನ್ನೂ ಅಲುಗಾಟವನ್ನೂ ಅಳೆಯುವ ಅಕ್ಸೆಲೆರೋಮೀಟರ್, ಭೂಕಾಂತಕ್ಷೇತ್ರವನ್ನು ಅಳೆಯುವ ಮ್ಯಾಗ್ನೆಟೋಮೀಟರ್, ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್.

ಈ ಸೆನ್ಸರ್‌ಗಳನ್ನು ಆರಿಸಿ, ಉಪಕರಣದಲ್ಲಿ ಕೂರಿಸಿ, ಕ್ಯಾಲಿಬ್ರೇಟ್ ಮಾಡಿ, ಬಾವಿಯಲ್ಲಿ ಅವುಗಳ ಮಾತನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಎಲೆಕ್ಟ್ರಾನಿಕ್ಸ್ ಅಥವಾ ಉಪಕರಣ ತಂತ್ರಜ್ಞಾನ ಓದಿ ಈ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಇಡೀ ಬರಹಕ್ಕೆ ಆಧಾರವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಯಿಂದ ಉಂಟಾಗುವ ದೋಷ ಎಷ್ಟೇ ದೊಡ್ಡದಿರಲಿ, ಪ್ರತಿಸಲವೂ ಅದೇ ತಾಪದಲ್ಲಿ ಅಷ್ಟೇ ಬರುವುದಾದರೆ ಅದನ್ನು ಅಳೆದು ಕಳೆಯಬಹುದು. ಇಂದು ಒಂದು, ನಾಳೆ ಇನ್ನೊಂದು ಆಗುವ ದೋಷವನ್ನು, ಅದು ಎಷ್ಟೇ ಚಿಕ್ಕದಿರಲಿ, ಯಾವ ಗಣಿತವೂ ಕಳೆಯಲಾರದು. ಆದ್ದರಿಂದ ಮಾಹಿತಿಪತ್ರದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿರುವ ಗರಿಷ್ಠ ತಾಪಕ್ಕಿಂತ, ಒಳಪುಟದಲ್ಲಿ ಚಿಕ್ಕದಾಗಿ ಅಚ್ಚಾದ ಪುನರಾವರ್ತನೀಯತೆಯ ಅಂಕಿಯೇ ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕು.

ಮೊದಲು ಬಾವಿಯ ತಾಪವನ್ನು ತಿಳಿಯಿರಿ

ಭೂಮಿಯೊಳಗೆ ಇಳಿದಂತೆ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಏರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಇದು ಸರಾಸರಿ ಮಾತ್ರ, ಎಲ್ಲ ಕಡೆಗೂ ಹೊಂದುವ ಅಂಕಿಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಬಂಡೆಯ ತಾಪ ಸುಮಾರು 65 ಡಿಗ್ರಿಯಷ್ಟಿತ್ತು. ಕೋಟ್ಯಂತರ ವರ್ಷಗಳಿಂದ ತಣ್ಣಗಾಗಿರುವ ಧಾರವಾಡ ಶಿಲಾಸ್ತೋಮದಲ್ಲಿ ತಾಪದ ಏರಿಕೆ ಅಷ್ಟು ನಿಧಾನ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಹೋಗುವ ಕೃಷ್ಣೆ ಬಂಗಾಳಕೊಲ್ಲಿ ಸೇರುವ ಕಡೆ, ಅಂದರೆ ಕೃಷ್ಣಾ–ಗೋದಾವರಿ ಜಲಾನಯನದ ಆಳದ ಬಾವಿಗಳಲ್ಲಿ, ಪರಿಸ್ಥಿತಿ ತಿರುವುಮುರುವು. ಅಲ್ಲಿನ ಕೆಲವು ಬಾವಿಗಳು ಅಧಿಕ ಒತ್ತಡ ಮತ್ತು ಅಧಿಕ ತಾಪದ ವರ್ಗಕ್ಕೆ ಸೇರುತ್ತವೆ. ತಳದ ತಾಪ 150 ಡಿಗ್ರಿಯನ್ನೂ, ಒತ್ತಡ ಪ್ರತಿ ಚದರ ಅಂಗುಲಕ್ಕೆ 10,000 ಪೌಂಡನ್ನೂ ಮೀರಿದ ಬಾವಿಯನ್ನು ಉದ್ಯಮದಲ್ಲಿ ಈ ವರ್ಗಕ್ಕೆ ಸೇರಿಸುವುದು ವಾಡಿಕೆ.

ಕೊರೆಯುವ ಯೋಜನೆಯ ಕಾಗದದಲ್ಲಿ ಎರಡು ತಾಪಗಳನ್ನು ಹುಡುಕಿ. ಒಂದು, ಬಂಡೆಯ ಸ್ವಂತ ತಾಪ. ಇನ್ನೊಂದು, ಪಂಪುಗಳು ಓಡುತ್ತಿರುವಾಗ ಬಾವಿಯ ತಳದಲ್ಲಿ ಹರಿಯುವ ಕೊರೆದ್ರವದ ತಾಪ. ರಿಗ್‌ನವರು ಈ ದ್ರವವನ್ನು ಮಡ್ ಎನ್ನುತ್ತಾರೆ. ಮೇಲಿನಿಂದ ಇಳಿಯುವ ಮಡ್ ಉಪಕರಣವನ್ನು ತಂಪಾಗಿಡುವುದರಿಂದ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಹತ್ತಾರು ಡಿಗ್ರಿ ಕಡಿಮೆ ಇರಬಹುದು. ಬಂಡೆ 185 ಡಿಗ್ರಿಯಿದ್ದರೂ ಹರಿವು ನಡೆಯುತ್ತಿರುವವರೆಗೆ ಸೆನ್ಸರ್ 160ರಲ್ಲಿರುವುದು ಸಾಧ್ಯ. ಆದರೆ ಪಂಪು ಕೆಟ್ಟು ಹರಿವು ನಿಂತರೆ, ಪೈಪು ಸಿಕ್ಕಿಹಾಕಿಕೊಂಡರೆ, ತಾಪ ಬಂಡೆಯ ಮಟ್ಟದ ಕಡೆಗೆ ಏರತೊಡಗುತ್ತದೆ. ಆದ್ದರಿಂದ ನಿಖರತೆಯ ಲೆಕ್ಕವನ್ನು ಹರಿವಿನ ತಾಪಕ್ಕೂ, ಬದುಕುಳಿಯುವ ಲೆಕ್ಕವನ್ನು ಬಂಡೆಯ ತಾಪಕ್ಕೂ ಮಾಡಿ. ಉಪಕರಣದ ಸ್ವಂತ ಸರ್ಕ್ಯೂಟುಗಳು ಹೊರಸೂಸುವ ಶಾಖದಿಂದ ಒಳಗಿನ ತಾಪ ಇನ್ನೂ ಕೆಲವು ಡಿಗ್ರಿ ಹೆಚ್ಚಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಸಮುದ್ರದ ಬಾವಿಯಾದರೆ ಏರಿಕೆಯನ್ನು ಕಡಲ ತಳದಿಂದ ಎಣಿಸಬೇಕೇ ಹೊರತು ನೀರಿನ ಮೇಲ್ಮೈಯಿಂದಲ್ಲ.

ಎಷ್ಟು ನಿಖರತೆ ಬೇಕು?

ಓರೆ ಕೋನವನ್ನು, ಅಂದರೆ ಬಾವಿ ಲಂಬದಿಂದ ವಾಲಿದ ಕೋನವನ್ನು, 0.1 ಡಿಗ್ರಿಯೊಳಗೆ ಹೇಳಬೇಕು ಎಂಬುದು ಇಂಥ ಉಪಕರಣಗಳ ಸಾಮಾನ್ಯ ಗುರಿ. ಲಂಬದ ಹತ್ತಿರ ಇರುವ ಬಾವಿಯಲ್ಲಿ 0.1 ಡಿಗ್ರಿ ಎಂದರೆ ಸುಮಾರು 1.75 ಮಿಲಿ-ಜಿ. ಗುರುತ್ವದ ಸಾವಿರದಲ್ಲಿ ಒಂದು ಭಾಗವೇ ಮಿಲಿ-ಜಿ, ಅದರ ಸಾವಿರದಲ್ಲಿ ಒಂದು ಭಾಗ ಮೈಕ್ರೋ-ಜಿ. 3000 ಮೀಟರ್ ಉದ್ದಕ್ಕೆ ಅದೇ ದೋಷ ಒಂದೇ ದಿಕ್ಕಿನಲ್ಲಿ ಸಾಗಿದರೆ ಬಾವಿಯ ತುದಿ ಐದು ಮೀಟರಿಗೂ ಸ್ವಲ್ಪ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ದಿಗಂಶದಲ್ಲಿ, ಅಂದರೆ ಉತ್ತರದಿಂದ ಅಳೆದ ದಿಕ್ಕಿನಲ್ಲಿ, ಒಂದು ಡಿಗ್ರಿ ತಪ್ಪಾದರೆ ಅಡ್ಡಲಾಗಿ ಸಾಗಿದ 3000 ಮೀಟರಿಗೆ 52 ಮೀಟರ್ ಜಾರುತ್ತದೆ.

ಈಗ ಬಿಸಿಯ ಪಾತ್ರವನ್ನು ನೋಡಿ. ಒಂದು ಅಕ್ಸೆಲೆರೋಮೀಟರಿನ ಶೂನ್ಯದೋಷ, ಅಂದರೆ ಸೊನ್ನೆ ತೋರಿಸಬೇಕಾದ ಕಡೆ ಅದು ತೋರಿಸುವ ಅಂಕಿ, ಪ್ರತಿ ಡಿಗ್ರಿಗೆ 30 ಮೈಕ್ರೋ-ಜಿಯಂತೆ ಬದಲಾಗುತ್ತದೆ ಎಂದಿಟ್ಟುಕೊಳ್ಳೋಣ. ಇದು ಒಳ್ಳೆಯ ದರ್ಜೆಯ ಸೆನ್ಸರ್‌ಗೆ ಸಲ್ಲುವ ಅಂಕಿ. 25ರಿಂದ 175 ಡಿಗ್ರಿಗೆ ಏರುವಾಗ 150 ಡಿಗ್ರಿಯ ವ್ಯತ್ಯಾಸಕ್ಕೆ 4.5 ಮಿಲಿ-ಜಿ ಆಯಿತು. ಏನನ್ನೂ ತಿದ್ದದೆ ಬಿಟ್ಟರೆ ಕಾಲು ಡಿಗ್ರಿಗೂ ಮೀರಿದ ತಪ್ಪು, 3000 ಮೀಟರಿಗೆ ಸುಮಾರು 13 ಮೀಟರ್. ಹತ್ತು ಮೀಟರ್ ದಪ್ಪದ ಪದರವನ್ನು ಅರಸಿ ಹೋದ ಬಾವಿ ಅದರ ಹೊರಗೇ ಉಳಿಯಲು ಇಷ್ಟು ಸಾಕು. ಒಳ್ಳೆಯ ಸೆನ್ಸರ್ ಇದ್ದರೂ ಕ್ಯಾಲಿಬ್ರೇಶನ್ ತಪ್ಪಿಸಿಕೊಳ್ಳಲಾಗದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಸೆನ್ಸರ್‌ನ ಆಯ್ಕೆ

ದಶಕಗಳಿಂದ ಈ ಕೆಲಸಕ್ಕೆ ಹೆಸರಾಗಿರುವುದು ಕ್ವಾರ್ಟ್ಸ್ ಸರ್ವೋ ಅಕ್ಸೆಲೆರೋಮೀಟರ್. ಹನಿವೆಲ್ ಕಂಪನಿಯ ಕ್ಯೂ-ಫ್ಲೆಕ್ಸ್ ಶ್ರೇಣಿ ಇದರ ಪ್ರಸಿದ್ಧ ಉದಾಹರಣೆ. ಕ್ವಾರ್ಟ್ಸ್ ಗಾಜಿನ ಒಂದು ಪುಟ್ಟ ಬಿಲ್ಲೆಯನ್ನು ಅದೇ ಗಾಜಿನ ಎರಡು ತೆಳು ಕೀಲುಗಳ ಮೇಲೆ ತೂಗಿರುತ್ತಾರೆ. ಗುರುತ್ವ ಅದನ್ನು ಎಳೆದಾಗ ಆಗುವ ಸೂಕ್ಷ್ಮ ಸರಿತವನ್ನು ಧಾರಕತೆಯ ಬದಲಾವಣೆಯಿಂದ ಗುರುತಿಸಿ, ಬಿಲ್ಲೆಗೆ ಅಂಟಿಸಿದ ಸುರುಳಿಯಲ್ಲಿ ವಿದ್ಯುತ್ ಹರಿಸಿ, ಸುತ್ತಲಿನ ಶಾಶ್ವತ ಕಾಂತದ ಬಲದಿಂದ ಬಿಲ್ಲೆಯನ್ನು ಮತ್ತೆ ತನ್ನ ಜಾಗದಲ್ಲೇ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಲು ಬೇಕಾದ ವಿದ್ಯುತ್ತೇ ಅಳತೆ. ಕ್ವಾರ್ಟ್ಸ್ ಗಾಜು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಅರ್ಧ ಭಾಗದಷ್ಟು ಮಾತ್ರ ಹಿಗ್ಗುತ್ತದೆ ಮತ್ತು ಮೂಲ ಆಕಾರಕ್ಕೆ ಅಚ್ಚುಕಟ್ಟಾಗಿ ಮರಳುತ್ತದೆ. ಅದರ ಪುನರಾವರ್ತನೀಯತೆಯ ಗುಟ್ಟು ಇದೇ. ಕಾಂತದ ಬಲ ಮಾತ್ರ ಬಿಸಿಯೇರಿದಂತೆ ಕುಗ್ಗುತ್ತದೆ, ಆದ್ದರಿಂದ ಅಳತೆ ಗುಣಕ, ಅಂದರೆ ಒಂದು ಜಿಗೆ ಎಷ್ಟು ವಿದ್ಯುತ್ ಎಂಬ ಅನುಪಾತ, ತಾಪದೊಂದಿಗೆ ಬದಲಾಗುತ್ತದೆ. ಈ ಬದಲಾವಣೆ ನಿಯಮಬದ್ಧವಾದದ್ದು, ತಿದ್ದಬಹುದಾದದ್ದು. ನಿಜವಾದ ತೊಂದರೆ ಬರುವುದು ಸುರುಳಿಯನ್ನೂ ಕಾಂತವನ್ನೂ ಹಿಡಿದಿರುವ ಅಂಟಿನಿಂದ. ಹೆಚ್ಚಿನ ತಾಪದಲ್ಲಿ ಬಹಳ ಹೊತ್ತು ಇದ್ದಾಗ ಅಂಟು ನಿಧಾನವಾಗಿ ಹರಿಯುತ್ತದೆ, ಮುದಿಯಾಗುತ್ತದೆ, ಶೂನ್ಯದೋಷ ತನ್ನ ಜಾಗದಿಂದ ಜರುಗುತ್ತದೆ.

ಎರಡನೆಯದು ಸಿಲಿಕಾನ್ ಮೇಲೆ ಕೊರೆದು ಮಾಡಿದ ಮೆಮ್ಸ್ ಸೆನ್ಸರ್. ನಮ್ಮ ಫೋನುಗಳಲ್ಲಿರುವ ಸೆನ್ಸರ್‌ನ ಕುಲದ್ದೇ ಆದರೂ ಇದನ್ನು ಬೇರೆಯೇ ಬಗೆಯ ಹೊದಿಕೆ ಮತ್ತು ಬೆಸುಗೆಯೊಂದಿಗೆ ತಯಾರಿಸಬೇಕಾಗುತ್ತದೆ. ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಎಲ್206 ಎಂಬ ಎರಡು ಅಕ್ಷದ ಅಕ್ಸೆಲೆರೋಮೀಟರ್ ಮತ್ತು ಎಡಿಎಕ್ಸ್‌ಆರ್‌ಎಸ್645 ಎಂಬ ಜೈರೋ 175 ಡಿಗ್ರಿಯವರೆಗೆ ಕೆಲಸ ಮಾಡುವಂತೆ ರೂಪಿಸಿದವು. ಮೆಮ್ಸ್ ಚಿಕ್ಕದು, ಅಗ್ಗ, ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ವಿದ್ಯುತ್ ಕಡಿಮೆ ಬಳಸುತ್ತದೆ. ದೀರ್ಘಕಾಲದ ಸ್ಥಿರತೆಯಲ್ಲಿ ಸಾಮಾನ್ಯ ದರ್ಜೆಯ ಮೆಮ್ಸ್ ಇನ್ನೂ ಕ್ವಾರ್ಟ್ಸ್‌ನ ಸಮಕ್ಕೆ ಬಂದಿಲ್ಲ. ಸರ್ವೋ ಮಾದರಿಯಲ್ಲಿ ನಡೆಸುವ ದುಬಾರಿ ಮೆಮ್ಸ್‌ಗಳು ಆ ಅಂತರವನ್ನು ಕಡಿಮೆ ಮಾಡುತ್ತಿವೆ. ನನ್ನ ಅಭಿಪ್ರಾಯದಲ್ಲಿ, ಬಾವಿಯ ದಾಖಲೆಗೆ ಸೇರುವ ಅಂತಿಮ ಸರ್ವೆಯನ್ನು, ಅಂದರೆ ಓರೆ ಕೋನ ಮತ್ತು ದಿಕ್ಕಿನ ಅಳತೆಯನ್ನು, ಕ್ವಾರ್ಟ್ಸ್ ಅಥವಾ ಸರ್ವೋ ಮೆಮ್ಸ್‌ಗೆ ಬಿಡಬೇಕು. ಕೊರೆಯುತ್ತಿರುವಾಗಿನ ಕಂಪನ, ಪೆಟ್ಟು ಮತ್ತು ತಿರುಗುವೇಗವನ್ನು ಅಳೆಯಲು ಸಾದಾ ಮೆಮ್ಸ್ ಸಾಕು.

ತಿರುಗುವೇಗ ಅಳೆಯುವ ಜೈರೋವನ್ನು ಕೊಳ್ಳುವಾಗ ವ್ಯಾಪ್ತಿಯನ್ನು ಲೆಕ್ಕ ಹಾಕಿ. ರಿಗ್‌ನ ಮೇಲೆ ಪೈಪು ನಿಮಿಷಕ್ಕೆ 120 ಸುತ್ತು ತಿರುಗುತ್ತಿದ್ದರೂ ಕೆಳಗೆ ಬಿಟ್ ಕಚ್ಚಿ ನಿಂತು, ತಿರುಚಿಕೊಂಡ ಪೈಪು ಒಮ್ಮೆಲೇ ಬಿಚ್ಚಿಕೊಂಡಾಗ, ಅದರ ಮೂರು ಪಟ್ಟು ವೇಗ ಬರಬಹುದು. 360 ಸುತ್ತು ಎಂದರೆ ಸೆಕೆಂಡಿಗೆ 2160 ಡಿಗ್ರಿ. ಈ ಕೆಲಸಕ್ಕೆ ಮ್ಯಾಗ್ನೆಟೋಮೀಟರನ್ನೂ ಬಳಸಬಹುದು, ಆದರೆ ಉಕ್ಕಿನ ಕೇಸಿಂಗ್ ಪೈಪಿನೊಳಗೆ ಅದು ಕುರುಡಾಗುತ್ತದೆ. ಜೈರೋಗೆ ಆ ಅಡ್ಡಿಯಿಲ್ಲ. ಉತ್ತರ ದಿಕ್ಕನ್ನೇ ಹುಡುಕಬಲ್ಲ ಜೈರೋ ಬೇಕಾದರೆ ವಿಷಯ ಸಂಪೂರ್ಣ ಬೇರೆ. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ಆ ತಿರುಗುವಿಕೆಯ ಅಡ್ಡ ಭಾಗವನ್ನು ಅಳೆದೇ ಉತ್ತರವನ್ನು ಕಂಡುಕೊಳ್ಳಬೇಕು. ಅಲ್ಲಿ ಗಂಟೆಗೆ ಒಂದು ಡಿಗ್ರಿಯ ಶೂನ್ಯದೋಷ ಉಳಿದರೂ 16 ಡಿಗ್ರಿ ಅಕ್ಷಾಂಶದಲ್ಲಿ ದಿಕ್ಕು ಸುಮಾರು ನಾಲ್ಕು ಡಿಗ್ರಿ ತಪ್ಪುತ್ತದೆ. ತಿರುಗುವೇಗ ಅಳೆಯಲು ಕೊಂಡ ಸಾದಾ ಮೆಮ್ಸ್ ಜೈರೋದಿಂದ ಈ ಕೆಲಸವನ್ನು ನಿರೀಕ್ಷಿಸಬೇಡಿ.

ಸುತ್ತಲಿನ ವಸ್ತುಗಳು

ಸೆನ್ಸರ್ 175 ಡಿಗ್ರಿ ತಾಳುತ್ತದೆ ಎಂದ ಮಾತ್ರಕ್ಕೆ ಉಪಕರಣ ತಾಳುವುದಿಲ್ಲ. ಹಳೆಯ ತವರ–ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೆ ಮೊದಲೇ ಬಲಗುಂದುತ್ತದೆ. ಸೀಸವಿಲ್ಲದ ಇಂದಿನ ಸಾಮಾನ್ಯ ಬೆಸುಗೆ 217ರ ಆಸುಪಾಸಿನಲ್ಲಿ ಕರಗುತ್ತದೆ. 175 ಮತ್ತು ಅದಕ್ಕೂ ಮೇಲಿನ ಕೆಲಸಕ್ಕೆ ಸೀಸದ ಪ್ರಮಾಣ ಬಹಳ ಹೆಚ್ಚಿರುವ, 300ರ ಹತ್ತಿರ ಕರಗುವ ಬೆಸುಗೆಯನ್ನು ಬಳಸುವುದು ರೂಢಿ. ಬೋರ್ಡು ಎಫ್‌ಆರ್-4 ಆಗಿದ್ದರೆ ಅದು 130ರಿಂದ 180 ಡಿಗ್ರಿಯೊಳಗೆ ಮೆತ್ತಗಾಗುತ್ತದೆ. ಪಾಲಿಇಮೈಡ್ ಬೋರ್ಡನ್ನೇ ಕೇಳಿ ಪಡೆಯಿರಿ.

ಚಿಪ್ಪುಗಳಲ್ಲಿ ಸೋರಿಕೆಯ ವಿದ್ಯುತ್ ಸ್ಥೂಲವಾಗಿ ಪ್ರತಿ ಹತ್ತು ಡಿಗ್ರಿಗೆ ಇಮ್ಮಡಿಯಾಗುತ್ತದೆ. 25ರಿಂದ 175ಕ್ಕೆ ಹದಿನೈದು ಇಮ್ಮಡಿ, ಅಂದರೆ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಆದ್ದರಿಂದಲೇ ಅತಿ ಹೆಚ್ಚಿನ ತಾಪಕ್ಕೆ ನಿರೋಧಕ ಪದರದ ಮೇಲೆ ಸಿಲಿಕಾನ್ ಕೂರಿಸಿದ ಚಿಪ್ಪುಗಳನ್ನು ಬಳಸುತ್ತಾರೆ. ಚಿಪ್ಪಿನೊಳಗೆ ಅಲ್ಯೂಮಿನಿಯಂ ಪಟ್ಟಿಗೆ ಚಿನ್ನದ ತಂತಿ ಕಟ್ಟಿದ್ದರೆ ಈ ತಾಪದಲ್ಲಿ ಎರಡೂ ಲೋಹಗಳು ಒಂದರೊಳಗೊಂದು ಬೆರೆತು, ನಡುವೆ ಟೊಳ್ಳುಗಳು ಉಂಟಾಗಿ, ಸಂಪರ್ಕ ಒಂದು ದಿನ ಕಡಿದುಹೋಗುತ್ತದೆ. ಒಂದೇ ಲೋಹದ ಜೋಡಣೆ ಅಥವಾ ನಡುವೆ ತಡೆಪದರ ಇದೆಯೇ ಎಂದು ತಯಾರಕರನ್ನು ಕೇಳಿ. ಕೆಪಾಸಿಟರ್‌ಗಳಲ್ಲಿ ಎಕ್ಸ್7ಆರ್ ವರ್ಗಕ್ಕೆ 125 ಡಿಗ್ರಿಯೇ ಮಿತಿ; ಸಿಗ್ನಲ್ ಹಾದುಹೋಗುವ ಕಡೆ ಸಿ0ಜಿ ವರ್ಗದವನ್ನು ಹಾಕಿ.

ಬ್ಯಾಟರಿಯ ಬಗ್ಗೆ ಮಾತ್ರ ಒತ್ತಿ ಹೇಳಬೇಕು, ಏಕೆಂದರೆ ಇದು ಅಳತೆಯ ಪ್ರಶ್ನೆಯಲ್ಲ, ಮನುಷ್ಯರ ಜೀವದ ಪ್ರಶ್ನೆ. ಲಿಥಿಯಂ ಲೋಹ 180.5 ಡಿಗ್ರಿಯಲ್ಲಿ ಕರಗುತ್ತದೆ. ಸಾಮಾನ್ಯ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ ಆ ತಾಪದತ್ತ ಹೋದರೆ ಸ್ಫೋಟಿಸಬಹುದು. ಇನ್ನೂ ಬಿಸಿ ಬಾವಿಗೆ ಲಿಥಿಯಂಗೆ ಮೆಗ್ನೀಸಿಯಂ ಬೆರೆಸಿದ ಬೇರೆ ಸೆಲ್‌ಗಳಿವೆ, ಅಥವಾ ಮಡ್ ಹರಿವಿನಿಂದ ತಿರುಗುವ ಟರ್ಬೈನನ್ನು ಆಶ್ರಯಿಸಬೇಕು. ಬಿಸಿಯಾಗಿ ಮೇಲೆ ಬಂದ ಉಪಕರಣವನ್ನು ತಣಿಯುವ ಮೊದಲು ಬಿಚ್ಚಬೇಡಿ. ಊದಿಕೊಂಡಂತೆ ಕಂಡರೆ ದೂರ ಸರಿದು, ತರಬೇತಿ ಪಡೆದವರನ್ನು ಕರೆಯಿರಿ.

ಕೂರಿಸುವಾಗ ಕಾಂತದ ಕಡೆಗೂ ಗಮನವಿರಲಿ. ಸರ್ವೋ ಅಕ್ಸೆಲೆರೋಮೀಟರಿನೊಳಗೆ ಕಾಂತವಿದೆ ಎಂದು ಮೇಲೆ ಹೇಳಿದೆ. ಅದರ ಪಕ್ಕದಲ್ಲೇ ಮ್ಯಾಗ್ನೆಟೋಮೀಟರ್ ಇಟ್ಟರೆ ಅದು ಭೂಮಿಯ ಕ್ಷೇತ್ರಕ್ಕಿಂತ ನೆರೆಯ ಕಾಂತವನ್ನೇ ಓದುತ್ತದೆ. ಕೆಲವು ಚಿಪ್ಪುಗಳ ಮೇಲ್ಮುಚ್ಚಳದಲ್ಲಿರುವ ಕೋವಾರ್ ಮಿಶ್ರಲೋಹವೂ, ಬ್ಯಾಟರಿಯ ನಿಕಲ್ ಪಟ್ಟಿಗಳೂ ಕಾಂತಕ್ಕೆ ಒಲಿಯುವಂಥವು. ಸ್ಕ್ರೂಗಳನ್ನು ಟೈಟಾನಿಯಂ ಅಥವಾ ಹಿತ್ತಾಳೆಯಲ್ಲಿ ಆರಿಸಿ, ಮತ್ತು ಇಡೀ ಜೋಡಣೆಯನ್ನು ಒಟ್ಟಿಗೇ ಕ್ಯಾಲಿಬ್ರೇಟ್ ಮಾಡಿ.

ಕ್ಯಾಲಿಬ್ರೇಶನ್

ಕ್ಯಾಲಿಬ್ರೇಶನ್‌ಗೆ ಮೊದಲು ಸೆನ್ಸರನ್ನು ಪಳಗಿಸಬೇಕು. ಹೊಸ ಸೆನ್ಸರ್ ಮೊದಲ ಕೆಲವು ಬಿಸಿ–ತಂಪಿನ ಸುತ್ತುಗಳಲ್ಲಿಯೇ ಅತಿ ಹೆಚ್ಚು ಬದಲಾಗುತ್ತದೆ: ಅಂಟು ಹದಗೊಳ್ಳುತ್ತದೆ, ಸ್ಕ್ರೂಗಳ ಬಿಗಿತ ನೆಲೆಗೊಳ್ಳುತ್ತದೆ. ಸುಮಾರು ಹತ್ತು ಸುತ್ತು ಕೋಣೆಯ ತಾಪದಿಂದ ಗರಿಷ್ಠಕ್ಕೆ ಏರಿಸಿ ಇಳಿಸಿ, ಪ್ರತಿ ಸುತ್ತಿನ ಕೊನೆಗೆ ಅದೇ ನಿಲುವಿನಲ್ಲಿ ಓದಿ ಬರೆದಿಡಿ. ಸುತ್ತಿನಿಂದ ಸುತ್ತಿಗೆ ಆಗುವ ಬದಲಾವಣೆ ಕುಗ್ಗುತ್ತಾ ನಿಂತರೆ ಸೆನ್ಸರ್ ಯೋಗ್ಯ. ಕುಗ್ಗದೆ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದರೆ, ಅದು ಎಷ್ಟೇ ದುಬಾರಿಯದ್ದಾಗಿರಲಿ, ಅಲ್ಲೇ ತೆಗೆದಿಡಿ.

ಮೂರು ಅಕ್ಷದ ಸೆನ್ಸರ್‌ನಲ್ಲಿ ಮೂರು ಶೂನ್ಯದೋಷ, ಮೂರು ಅಳತೆ ಗುಣಕ, ಅಕ್ಷಗಳು ಒಂದಕ್ಕೊಂದು ಮತ್ತು ಉಪಕರಣದ ದೇಹಕ್ಕೆ ಸರಿಯಾದ ಕೋನದಲ್ಲಿಲ್ಲದ್ದರಿಂದ ಬರುವ ಆರು ಅಕ್ಷದೋಷಗಳು, ಹೀಗೆ ಒಟ್ಟು 12 ಅಜ್ಞಾತಗಳಿವೆ. ಉಕ್ಕಿನ ಕಟ್ಟಡ, ವಾಹನ, ವಿದ್ಯುತ್ ಮಾರ್ಗಗಳಿಂದ ದೂರದ ಜಾಗದಲ್ಲಿ, ಕಾಂತಗುಣವಿಲ್ಲದ ತಿರುಗುಪೀಠದ ಮೇಲೆ ಉಪಕರಣವನ್ನು ಕೂರಿಸಿ, 24 ನಿಲುವುಗಳಲ್ಲಿ ಓದಿದರೆ 72 ಅಂಕಿಗಳು ಸಿಗುತ್ತವೆ. ಕನಿಷ್ಠ ವರ್ಗ ವಿಧಾನದಿಂದ 12 ಅಜ್ಞಾತಗಳನ್ನು ಬಿಡಿಸಲು ಇದು ಧಾರಾಳ. ಇದನ್ನು 25, 50, 75, 100, 125, 150 ಮತ್ತು 175 ಡಿಗ್ರಿಗಳಲ್ಲಿ ಮರುಮಾಡಿ. ಓದುವ ಹೊತ್ತಿಗೆ ಉಪಕರಣವನ್ನು ಬಿಸಿಮಾಡುವ ಒಲೆಯ ವಿದ್ಯುತ್ತನ್ನು ನಿಲ್ಲಿಸಿ, ಇಲ್ಲವಾದರೆ ಅದರ ತಂತಿಯ ಕಾಂತಕ್ಷೇತ್ರ ಮ್ಯಾಗ್ನೆಟೋಮೀಟರಿನಲ್ಲಿ ಸೇರಿಕೊಳ್ಳುತ್ತದೆ. ಪ್ರತಿ ತಾಪದಲ್ಲಿ ಉಪಕರಣದ ಒಳಗಿನ ತಾಪ ಹತ್ತು ನಿಮಿಷದಲ್ಲಿ 0.2 ಡಿಗ್ರಿಗಿಂತ ಹೆಚ್ಚು ಬದಲಾಗದಷ್ಟು ನೆಲೆನಿಂತ ಮೇಲಷ್ಟೇ ಓದಲು ಆರಂಭಿಸಿ. ಏರುವಾಗ ಓದಿದ್ದನ್ನು ಇಳಿಯುವಾಗಲೂ ಓದಿ. ಎರಡರ ನಡುವಿನ ವ್ಯತ್ಯಾಸವೇ ಹಿಸ್ಟೆರಿಸಿಸ್, ಮತ್ತು ಯಾವ ಸೂತ್ರದಿಂದಲೂ ತಿದ್ದಲಾಗದೆ ಉಳಿಯುವ ದೋಷಕ್ಕೆ ಅದು ನೇರ ಸಾಕ್ಷಿ.

ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಉಪಕರಣ ಏರುವಾಗಲೂ ಇಳಿಯುವಾಗಲೂ ಅರ್ಧ ಮಿಲಿ-ಜಿಯಷ್ಟು ಬೇರೆ ಬೇರೆ ಓದುತ್ತಿತ್ತು. ಸೆನ್ಸರೇ ಕೆಟ್ಟದ್ದೆಂದು ತೀರ್ಮಾನಿಸಿ ಅದನ್ನು ಬದಲಿಸಿದೆವು. ಹೊಸದೂ ಅದೇ ಹಾದಿ ಹಿಡಿಯಿತು. ಕೊನೆಗೆ ತಿಳಿದದ್ದೆಂದರೆ, ತಾಪಮಾಪಕವನ್ನು ಸೆನ್ಸರ್‌ನಿಂದ ದೂರ, ಬೋರ್ಡಿನ ಇನ್ನೊಂದು ತುದಿಯಲ್ಲಿ ಅಂಟಿಸಲಾಗಿತ್ತು. ಬಿಸಿಯಾಗುವಾಗ ಸೆನ್ಸರ್‌ಗಿಂತ ಬೋರ್ಡು ಎಂಟು ಡಿಗ್ರಿ ಕಡಿಮೆ, ತಣಿಯುವಾಗ ಎಂಟು ಡಿಗ್ರಿ ಹೆಚ್ಚು. ಡಿಗ್ರಿಗೆ 30 ಮೈಕ್ರೋ-ಜಿಯಂತೆ 16 ಡಿಗ್ರಿಗೆ ಲೆಕ್ಕ ಹಾಕಿದರೆ ಸರಿಯಾಗಿ ಆ ಅರ್ಧ ಮಿಲಿ-ಜಿ ಸಿಗುತ್ತದೆ. ತಾಪಮಾಪಕ ಇರಬೇಕಾದದ್ದು ಅಕ್ಸೆಲೆರೋಮೀಟರಿನ ಮೈಮೇಲೆ ಅಥವಾ ಅದರ ಒಳಗೆ, ಪ್ರತಿ ಅಕ್ಷಕ್ಕೂ ಒಂದೊಂದು. ನಿಂತ ತಾಪದಲ್ಲಿ ಮಾತ್ರ ಪರೀಕ್ಷಿಸಿದ್ದರೆ ಈ ತಪ್ಪು ನಮಗೆ ಕಾಣಿಸುತ್ತಲೇ ಇರಲಿಲ್ಲ. ಬಾವಿಯಲ್ಲಾದರೋ ತಾಪ ನಿಂತಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಧಾನವಾಗಿ ತಾಪ ಏರುತ್ತಿರುವಾಗಲೇ ಓದುವ ಒಂದು ಪರೀಕ್ಷೆಯನ್ನು ಖಂಡಿತವಾಗಿ ಸೇರಿಸಿ.

ಪ್ರತಿ ಅಜ್ಞಾತಕ್ಕೂ ತಾಪದ ಮೇಲೆ ಮೂರನೆಯ ಘಾತದ ಬಹುಪದೋಕ್ತಿಯನ್ನು ಹೊಂದಿಸಿದರೆ ಸಾಮಾನ್ಯವಾಗಿ ಸಾಕು. ಘಾತವನ್ನು ಹೆಚ್ಚಿಸಿ ಉಳಿಕೆಯನ್ನು ಸೊನ್ನೆಯ ಹತ್ತಿರ ತರುವ ಆಸೆಗೆ ಬೀಳಬೇಡಿ: ಏಳು ಬಿಂದುಗಳ ಮೂಲಕ ಆರನೆಯ ಘಾತದ ರೇಖೆ ಚೊಕ್ಕವಾಗಿ ಹಾದುಹೋಗುತ್ತದೆ, ನಡುವಿನ ತಾಪಗಳಲ್ಲಿ ಎತ್ತಲೋ ತೂಗಾಡುತ್ತದೆ. 110 ಮತ್ತು 165 ಡಿಗ್ರಿಯಂಥ ಎರಡು ತಾಪಗಳನ್ನು ಹೊಂದಾಣಿಕೆಯಲ್ಲಿ ಸೇರಿಸದೆ ಪರೀಕ್ಷೆಗೆಂದೇ ಮೀಸಲಿಡಿ. ಅಲ್ಲಿ ಉಳಿದ ದೋಷ ಅರ್ಧ ಮಿಲಿ-ಜಿಯೊಳಗಿದ್ದರೆ 0.1 ಡಿಗ್ರಿಯ ಗುರಿಗೆ ಬೇಕಾದ 1.75ರಲ್ಲಿ ವಯಸ್ಸು, ಪೆಟ್ಟು, ಕಂಪನಗಳಿಗೆ ಜಾಗ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಬೆಂಗಳೂರಿನಲ್ಲಿ ಕೆಲಸ ಮಾಡುವವರು ವಿಶೇಷವಾಗಿ ನೆನಪಿಡಬೇಕು. ಇಲ್ಲಿ ಗುರುತ್ವ ಸೆಕೆಂಡಿನ ವರ್ಗಕ್ಕೆ ಸುಮಾರು 9.780 ಮೀಟರ್, ಉತ್ತರ ಸಮುದ್ರದ ತೀರದ ಅಬರ್ಡೀನ್‌ನಲ್ಲಿ ಸುಮಾರು 9.817. ಇಲ್ಲಿನ ಗುರುತ್ವವನ್ನೇ 1 ಜಿ ಎಂದು ಬರೆದುಕೊಂಡು ಕ್ಯಾಲಿಬ್ರೇಟ್ ಮಾಡಿ ಅಲ್ಲಿಗೆ ಕಳುಹಿಸಿದರೆ, ಏನೂ ದೋಷವಿಲ್ಲದ ಉಪಕರಣ ಅಲ್ಲಿ ಸುಮಾರು 3.8 ಮಿಲಿ-ಜಿ ಹೆಚ್ಚು ತೋರಿಸಿ, ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತದೆ. ಕೋನ ತಪ್ಪುವುದಿಲ್ಲ, ಏಕೆಂದರೆ ಕೋನ ಅಂಶಗಳ ಅನುಪಾತದಿಂದ ಬರುತ್ತದೆ, ತಪ್ಪುವುದು ನಂಬಿಕೆ. ಕ್ಯಾಲಿಬ್ರೇಶನ್ ಜಾಗದ ಗುರುತ್ವವನ್ನೂ ಬಾವಿಯ ಜಾಗದ ಗುರುತ್ವವನ್ನೂ ಕಾಗದದಲ್ಲಿ ಬರೆದಿಡಿ.

ಬಾವಿಗೆ ಇಳಿಸುವಾಗ ಮತ್ತು ಸರ್ವೆ ತೆಗೆಯುವಾಗ

ಬಿಸಿ ಬಾವಿಯಲ್ಲಿ ಒಂದೇ ಓಟಕ್ಕೆ ತಳಕ್ಕೆ ಇಳಿಯಬಾರದು. ನಿಂತ ಮಡ್ ಬಂಡೆಯಷ್ಟೇ ಬಿಸಿಯಾಗಿರುತ್ತದೆ. ಕೆಲವು ನೂರು ಮೀಟರಿಗೊಮ್ಮೆ ನಿಂತು, ಪಂಪು ಓಡಿಸಿ, ಕೆಳಗಿನ ಬಿಸಿ ಮಡ್ಡನ್ನು ಮೇಲೆ ತಳ್ಳಿ, ಉಪಕರಣದ ತಾಪ ಇಳಿದದ್ದನ್ನು ಕಂಡು ಮುಂದುವರಿಯಬೇಕು. ರಿಗ್‌ನ ಬಾಡಿಗೆ ಗಂಟೆಗಳಲ್ಲಿ ಎಣಿಸುವವರಿಗೆ ಈ ತಡೆ ಹಿಡಿಸುವುದಿಲ್ಲ. ಸೆನ್ಸರ್ ಸುಟ್ಟು ಇಡೀ ಪೈಪನ್ನು ಮತ್ತೆ ಮೇಲೆತ್ತಿ ಇಳಿಸಬೇಕಾಗಿ ಬರುವುದಕ್ಕಿಂತ ಇದು ಬಹಳ ಅಗ್ಗ ಎಂದು ಅವರಿಗೆ ಮೊದಲೇ ತಿಳಿಸಿ, ಇಳಿಸುವ ಯೋಜನೆಯಲ್ಲೇ ಬರೆಸಿ.

ಸರ್ವೆಯನ್ನು ಪೈಪು ನಿಂತಿರುವಾಗ, ಸಾಮಾನ್ಯವಾಗಿ ಹೊಸ ಪೈಪು ಜೋಡಿಸುವ ಸಮಯದಲ್ಲಿ, ಸುಮಾರು 30 ಮೀಟರಿಗೊಮ್ಮೆ ತೆಗೆಯುತ್ತಾರೆ. ಕೊರೆಯುತ್ತಿರುವಾಗ ಓದಿದ ಕೋನವನ್ನು ದಾಖಲೆಗೆ ಸೇರಿಸಬಾರದು ಎಂಬುದಕ್ಕೆ ಕಾರಣವಿದೆ. ತೀವ್ರ ಕಂಪನದಲ್ಲಿ ಅಕ್ಸೆಲೆರೋಮೀಟರಿನ ಸರಾಸರಿಯೇ ಒಂದು ಬದಿಗೆ ಸರಿಯುತ್ತದೆ. ಈ ಸರಿತ ಕಂಪನದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 1 ಜಿ ಕಂಪನಕ್ಕೆ 20 ಮೈಕ್ರೋ-ಜಿ ಸರಿಯುವ ಒಳ್ಳೆಯ ಸೆನ್ಸರ್‌ನಲ್ಲೂ 20 ಜಿ ಕಂಪನವಿದ್ದರೆ 400 ಪಟ್ಟಾಗಿ 8 ಮಿಲಿ-ಜಿ ಆಗುತ್ತದೆ. ಬಿಸಿಯಿಂದ ಬಂದ ಎಲ್ಲ ದೋಷವನ್ನು ಕಷ್ಟಪಟ್ಟು ಕಳೆದ ಮೇಲೆ ಇದನ್ನು ಒಳಗೆ ಬಿಟ್ಟುಕೊಳ್ಳುವುದು ತರವಲ್ಲ. ಪಂಪು ನಿಂತು ಕೆಲವು ಹತ್ತು ಸೆಕೆಂಡುಗಳಾದ ಮೇಲೆ ಓದಿ, ಆದರೆ ಅನಗತ್ಯವಾಗಿ ನಿಲ್ಲಿಸಿಡಬೇಡಿ. ಪ್ರತಿ ನಿಮಿಷವೂ ತಾಪ ಏರುತ್ತಿರುತ್ತದೆ.

ಪ್ರತಿ ಸರ್ವೆಯಲ್ಲಿ ಮೂರು ಪರೀಕ್ಷೆಗಳಿವೆ. ಮೂರು ಅಕ್ಸೆಲೆರೋಮೀಟರುಗಳ ವರ್ಗಗಳ ಮೊತ್ತದ ವರ್ಗಮೂಲ ಆ ಜಾಗದ ಗುರುತ್ವಕ್ಕೆ ಸಮನಾಗಿರಬೇಕು; ಹಾಗೆಯೇ ಒಟ್ಟು ಕಾಂತಕ್ಷೇತ್ರ ಮತ್ತು ಅದರ ನತಿ ಕೋನ, ಅಂದರೆ ಕ್ಷೇತ್ರ ಸಮತಲದಿಂದ ವಾಲಿದ ಕೋನ, ಆ ಜಾಗದ ಅಂಕಿಗಳಿಗೆ ಹೊಂದಬೇಕು. ಮಿತಿಗಳನ್ನು ಪ್ರತಿ ಕಂಪನಿಯೂ ತಾನೇ ನಿಗದಿಪಡಿಸಿಕೊಳ್ಳುತ್ತದೆ. ಗುರುತ್ವಕ್ಕೆ 3 ಮಿಲಿ-ಜಿ, ಕ್ಷೇತ್ರಕ್ಕೆ 300 ನ್ಯಾನೋಟೆಸ್ಲಾ, ನತಿಗೆ 0.3 ಡಿಗ್ರಿಯ ಆಸುಪಾಸಿನ ಅಂಕಿಗಳನ್ನು ಹೆಚ್ಚಾಗಿ ಕಾಣುತ್ತೇವೆ.

ಈ ಪರೀಕ್ಷೆಗೆ ಒಂದು ಕುರುಡು ಮೂಲೆಯಿದೆ, ಮತ್ತು ಅನುಭವಿಗಳೂ ಇಲ್ಲಿ ಎಡವುತ್ತಾರೆ. ಬಾವಿ ಲಂಬದ ಹತ್ತಿರವಿದ್ದಾಗ ಇಡೀ ಗುರುತ್ವ ಉದ್ದದ ಅಕ್ಷದ ಮೇಲೆ ಬೀಳುತ್ತದೆ. ಆಗ ಅಡ್ಡ ಅಕ್ಷವೊಂದು 4.5 ಮಿಲಿ-ಜಿ ತಪ್ಪಿದ್ದರೂ ಒಟ್ಟು ಮೊತ್ತದಲ್ಲಿ ಸುಮಾರು 10 ಮೈಕ್ರೋ-ಜಿ ಮಾತ್ರ ವ್ಯತ್ಯಾಸವಾಗುತ್ತದೆ. ಪರೀಕ್ಷೆ ಸಲೀಸಾಗಿ ಉತ್ತೀರ್ಣ, ಕೋನ ಮಾತ್ರ ಕಾಲು ಡಿಗ್ರಿ ತಪ್ಪು. ಇದನ್ನು ಹಿಡಿಯಲು ಅದೇ ಆಳದಲ್ಲಿ ಪೈಪನ್ನು ಸುಮಾರು 90 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ನಿಲುವುಗಳಲ್ಲಿ ಓದಿ. ದೋಷವಿಲ್ಲದ ಅಡ್ಡ ಅಕ್ಷದ ನಾಲ್ಕು ಓದುಗಳ ಸರಾಸರಿ ಸೊನ್ನೆಯಾಗಬೇಕು. ಆಗದಿದ್ದರೆ ಉಳಿದ ಅಂಕಿಯೇ ಆ ತಾಪದಲ್ಲಿ ಆ ಅಕ್ಷದ ಶೂನ್ಯದೋಷ. ಗರಿಷ್ಠ ತಾಪದ ವಲಯ ಮುಟ್ಟುವಾಗ ಒಮ್ಮೆ, ದೊಡ್ಡ ಪೆಟ್ಟುಗಳ ನಂತರ ಒಮ್ಮೆ ಇದನ್ನು ಮಾಡಲು ಕೆಲವು ನಿಮಿಷಗಳನ್ನು ಬೇಡಿ ಪಡೆಯಿರಿ.

ಮ್ಯಾಗ್ನೆಟೋಮೀಟರಿನ ವಿಷಯದಲ್ಲಿ ದಕ್ಷಿಣ ಭಾರತದ ಅಕ್ಷಾಂಶ ನಮಗೆ ಅನುಕೂಲಕರ. ಭೂಕಾಂತದ ಸಮಭಾಜಕ ರೇಖೆ ಇಲ್ಲೇ ಹತ್ತಿರದಲ್ಲಿ ಹಾದುಹೋಗುತ್ತದೆ; 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿಸಲು ತುಂಬಾವನ್ನು ಆರಿಸಿಕೊಂಡದ್ದೂ ಇದೇ ಕಾರಣಕ್ಕೆ. ಇಲ್ಲಿ ಕ್ಷೇತ್ರ ಬಹುಪಾಲು ಅಡ್ಡಲಾಗಿರುತ್ತದೆ. ಪೂರ್ವ–ಪಶ್ಚಿಮವಾಗಿ ಅಡ್ಡ ಸಾಗುವ ಬಾವಿಯಲ್ಲಿ ಕೊರೆಪೈಪಿನ ಉಕ್ಕು 500 ನ್ಯಾನೋಟೆಸ್ಲಾ ಅಡಚಣೆ ಉಂಟುಮಾಡಿದರೆ, ಅಡ್ಡ ಕ್ಷೇತ್ರ ಸುಮಾರು 40,000 ಇರುವ ಕೃಷ್ಣಾ–ಗೋದಾವರಿಯಲ್ಲಿ ದಿಗಂಶ 0.7 ಡಿಗ್ರಿ ತಪ್ಪುತ್ತದೆ. ಅಡ್ಡ ಕ್ಷೇತ್ರ 15,000ದ ಆಸುಪಾಸಿನಲ್ಲಿರುವ ಉತ್ತರ ಸಮುದ್ರದಲ್ಲಿ ಅದೇ ಅಡಚಣೆಗೆ 1.9 ಡಿಗ್ರಿ. ಅನುಕೂಲವಿದೆಯೆಂದು, ಸೆನ್ಸರ್‌ಗಳನ್ನು ಉಕ್ಕಿನಿಂದ ದೂರವಿಡುವ ದಪ್ಪ ಪೈಪಾದ ಕಾಂತಗುಣವಿಲ್ಲದ ಡ್ರಿಲ್ ಕಾಲರ್‌ನ ಉದ್ದವನ್ನು ಕಡಿಮೆ ಮಾಡಲು ಒಪ್ಪಬೇಡಿ.

ಮೇಲೆ ಬಂದ ಮೇಲೆ

ಉಪಕರಣ ತಣಿದ ನಂತರ ಅದರ ನೆನಪಿನಿಂದ ತಾಪದ ಮತ್ತು ಪೆಟ್ಟಿನ ಪೂರ್ಣ ದಾಖಲೆಯನ್ನು ಇಳಿಸಿಕೊಳ್ಳಿ. ಒಳಗೆ ಅಂಟಿಸಿದ, ಒಮ್ಮೆ ಬಣ್ಣ ಬದಲಾದರೆ ಹಿಂದಿರುಗದ ತಾಪಸೂಚಕ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡಿ. ಹಲವು ಮಾಹಿತಿಪತ್ರಗಳು ಗರಿಷ್ಠ ತಾಪದಲ್ಲಿ 1000 ಗಂಟೆಗಳ ಆಯುಸ್ಸನ್ನು ಹೇಳುತ್ತವೆ. ಅದು 42 ದಿನಗಳಿಗಿಂತ ಕಡಿಮೆ. ಹತ್ತು ಡಿಗ್ರಿ ಹೆಚ್ಚಾದರೆ ಆಯುಸ್ಸು ಸ್ಥೂಲವಾಗಿ ಅರ್ಧವಾಗುತ್ತದೆ ಎಂಬ ಲೆಕ್ಕದಂತೆ, 165ರಲ್ಲಿ ಕಳೆದ ಎರಡು ಗಂಟೆಯನ್ನು 175ರ ಒಂದು ಗಂಟೆಯೆಂದು ಎಣಿಸಿ ಪ್ರತಿ ಸೆನ್ಸರ್‌ನ ಹೆಸರಿನಲ್ಲಿ ಖಾತೆ ಇಡಿ.

ನಂತರ ಉಪಕರಣವನ್ನು ಮತ್ತೆ ಪೀಠಕ್ಕೆ ಏರಿಸಿ, ಹಳೆಯ ಗುಣಾಂಕಗಳನ್ನು ಬದಲಿಸದೆ, ಕೋಣೆಯ ತಾಪದಲ್ಲಿ ಮತ್ತು ಒಂದು ಹೆಚ್ಚಿನ ತಾಪದಲ್ಲಿ ಓದಿ. ಹೊಸ ಗುಣಾಂಕ ತುಂಬಿಬಿಟ್ಟರೆ ಹಳೆಯದು ಎಷ್ಟು ಜರುಗಿತ್ತೆಂಬುದು ಅಳಿಸಿಹೋಗುತ್ತದೆ. ಆಗಲೇ ಕೊರೆದು ಮುಗಿದ ಬಾವಿಯ ಸರ್ವೆ ಸರಿಯಿತ್ತೇ ಎಂಬುದಕ್ಕೆ ಅದೊಂದೇ ಪುರಾವೆ. ಜರುಗಿದ್ದು ಅರ್ಧ ಮಿಲಿ-ಜಿಯೊಳಗಿದ್ದರೆ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ ಮುಂದಿನ ಬಾವಿಗೆ ಕಳುಹಿಸಿ. ಸತತ ಮೂರು ಬಾವಿಗಳಲ್ಲಿ ಒಂದೇ ದಿಕ್ಕಿಗೆ ಜರುಗುತ್ತಾ ಬಂದ ಸೆನ್ಸರನ್ನು, ಇನ್ನೂ ಮಿತಿಯೊಳಗಿದ್ದರೂ, 125 ಡಿಗ್ರಿಗಿಂತ ತಂಪಾದ ಬಾವಿಗಳ ಕಪಾಟಿಗೆ ಸೇರಿಸಿ.